ಉಳಿದ ಟೈಮು

ರೇಖಾ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕತೆ ಮುಗಿದ ಮೇಲೆ ಹೇಳಲು ಬಾಯಿ ಬರುವುದಿಲ್ಲ. ಗಂಡ ತೀರಿಕೊಂಡ ಮೇಲೆ ಹೊನ್ನಾವರ ಬಸ್‌ಸ್ಟ್ಯಾಂಡಿನ ಎದುರಿನ ಮಾಳಿಗೆಯಲ್ಲಿದ್ದ ಎಸ್‌ಟಿಡಿ ಬೂತನ್ನು ಒಬ್ಬಳೇ ಸಂಭಾಳಿಸಿದವಳು. ಊರವರ ಕೈಗೆಲ್ಲ ಮೊಬೈಲು ಬಂದು ಬೂತು ಬಿಕೋ ಎನ್ನತೊಡಗಿದಾಗ ಎದೆಗುಂದದೆ ಅದನ್ನೇ ಸೈಬರ್ ಕೆಫೆ ಮಾಡಿದವಳು. ಆಗ ಕೆಫೆಯೆಂದರೆ ಪರದೆ ಎಳೆದುಕೊಂಡು ಗಂಡುಹುಡುಗರು ಏನೇನೋ ನೋಡುವ ಜಾಗ ಎಂದು ಊರು ಮೂಗು ಮುರಿಯುತ್ತಿತ್ತು. ರೇಖಾ ಬಡಗಿಯನ್ನು ಕರೆಸಿ ಪ್ಲೈವುಡ್ಡಿನ ಅಡ್ಡಗೋಡೆಗಳನ್ನೆಲ್ಲ ಕೀಳಿಸಿದಳು, ಪರದೆಗಳನ್ನು ನೆಲ ಒರೆಸಲು ಹಾಕಿದಳು. ತನ್ನ ಅಂಗಡಿಯಲ್ಲಿ ಹೆಣ್ಣುಮಕ್ಕಳು ಬಂದು ಕೂರಬೇಕು, ಯಾರ ಹೆದರಿಕೆಯೂ ಇಲ್ಲದೆ ಕೂರಬೇಕು ಎನ್ನುವುದು ಅವಳ ಹಟ. ಅವಳಿಗೆ ಇದ್ದ ಆಸೆಯೂ ಅದೊಂದೇ.

ಆ ಆಸೆ ಕೈಗೂಡಿದ್ದು ಸುದರ್ಶನ ಸರ್ ದೆಸೆಯಿಂದ. ಅವರು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಲೆಕ್ಚರರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ಮಾತು, ಎದುರಿಗೆ ಬಂದ ಹೆಂಗಸರಿಗೆ ದಾರಿ ಬಿಟ್ಟು ನಿಲ್ಲುವ ಸಂಸ್ಕಾರ. ಅವರು ಕ್ಲಾಸಿನಲ್ಲಿ ಒಂದು ಮಾತು ಹೇಳಿದ್ದೇ ಹುಡುಗಿಯರು ಇಬ್ಬಿಬ್ಬರಾಗಿ ಮೆಟ್ಟಿಲು ಹತ್ತತೊಡಗಿದರು. ಅವರ ಅಪ್ಪಂದಿರು, ‘ಸರ್ ಹೇಳಿದ ಮೇಲೆ ಮುಗೀತು’ ಎಂದು ಸುಮ್ಮನಾದರು.

ರೇಖಾಳ ಇನ್ನೊಂದು ಗುಣವನ್ನೂ ಹೇಳಬೇಕು. ಅವಳಿಗೆ ಯಾವುದೂ ಹಾಳಾಗಬಾರದು. ಯಾರಾದರೂ ಗಂಟೆ ತುಂಬುವ ಮೊದಲೇ ಎದ್ದು ಹೋದರೆ ಆ ಮೆಷಿನ್ನನ್ನು ಬಂದ್ ಮಾಡುತ್ತಿರಲಿಲ್ಲ. ಬಾಗಿಲಲ್ಲಿ ಕಾಯುತ್ತ ನಿಂತವರನ್ನು ಕರೆದು, “ಅದ್ರಲ್ಲಿ ಇನ್ನೂ ಟೈಮು ಅದೆ, ಕೂತ್ಕಳಿ” ಎಂದು ಕೂರಿಸುತ್ತಿದ್ದಳು. ಗಿರಾಕಿಗಳ ಬಾಯಲ್ಲಿ ಅದಕ್ಕೆ ‘ಉಳಿದ ಟೈಮು’ ಎಂದೇ ಹೆಸರು. ಮುಂಚಿನವನ ಆಟ ನಡೆಯುತ್ತಿದ್ದರೆ ಹೊಸಬ ಅದನ್ನೇ ಮುಂದುವರಿಸುತ್ತಿದ್ದ, ಮುಂಚಿನವನ ಹೆಸರಿನಲ್ಲೇ. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಊರಿನ ಕೆಫೆಗಳು ಇಂಟರ್‌ನೆಟ್ಟಿನಲ್ಲಿ ಒಂದಾಗಿ ಗುಂಡು ಹೊಡೆಯುವ ಆಟ ಆಡುತ್ತಿದ್ದವು. ಸ್ಕ್ರೀನಿನ ಕೆಳಗೆ ಒಂದು ಖಾನೆ. ಅಲ್ಲಿ ಬರೆದದ್ದು ಮೂರೂ ಊರಿನ ಸ್ಕ್ರೀನಿನಲ್ಲಿ ಕಾಣುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಹುಡುಗರು ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು. ಕುಮಟಾದ ಕೆಫೆಯಿಂದ ಒಬ್ಬ ಹುಡುಗಿಯೂ ಆಡುತ್ತಿದ್ದಳು, ಸಂಪದಾ ಎಂದು. ಮೂರೂ ಊರಿಗೆ ಅವಳೊಬ್ಬಳೇ. ಗುರಿ ಇಟ್ಟರೆ ತಪ್ಪಿದ್ದೇ ಇಲ್ಲ. ಹೊನ್ನಾವರದ ಕಡೆ ಗಟ್ಟಿಗ ಎಂದರೆ ನರೇಶ, ಬಿಕಾಂ ಎರಡನೇ ವರ್ಷದ ಹುಡುಗ.

ನರೇಶನ ಅಪ್ಪ ಅಣ್ಣಪ್ಪ ತದಡಿ ಬಂದರಿನ ಮೀನು ಹಿಡಿಯುವ ಬೋಟಿನಲ್ಲಿ ಕೆಲಸಕ್ಕಿದ್ದ. ಒಮ್ಮೆ ಹೋದರೆ ವಾರಗಟ್ಟಲೆ ಮನೆ ಕಡೆ ಸುಳಿವಿಲ್ಲ. ಅಮ್ಮ ಮಂಗಲಾ ಕೆಫೆಯ ಮೆಟ್ಟಿಲ ಬುಡದಲ್ಲೇ ಗಾಡಿ ಇಟ್ಟುಕೊಂಡು ಬಾಳೆಹಣ್ಣಿನ ಬನ್ಸು ಕರಿಯುತ್ತಿದ್ದಳು. ಆಟದ ಹುಡುಗರಿಗೆಲ್ಲ ಸಂಜೆಯ ತಿಂಡಿ ಅವಳ ಗಾಡಿಯದೇ. ಅವಳು ಶಾಲೆಯ ಮುಖ ಕಂಡವಳಲ್ಲ, ಎಲ್ಲಿ ಹೋದರೂ ಹೆಬ್ಬೆಟ್ಟು. ಒಂದು ದಿನ ನರೇಶ ಅವಳನ್ನು ಮೇಲೆ ಕರೆತಂದು, ಯಾವಾಗಲೂ ತಾನು ಆಡುವ ಮೂಲೆಯ ಮೆಷಿನ್ನಿನ ಮುಂದೆ ಕೂರಿಸಿ, ಬೆರಳು ಹಿಡಿದು ಒಂದೊಂದೇ ಅಕ್ಷರ ಒತ್ತಿಸಿದ್ದ. ಸ್ಕ್ರೀನಿನಲ್ಲಿ ಅವಳ ಹೆಸರು ಇಂಗ್ಲಿಷಿನಲ್ಲಿ ಮೂಡಿತು. “ಇದು ನಾನಾ?” ಎಂದು ಅವಳು ಸ್ಕ್ರೀನನ್ನು ಮುಟ್ಟಿ ನೋಡಿ ನಕ್ಕಿದ್ದಳು. ಆಮೇಲೆ ಕೆಲವು ದಿನ ಬಿಡುವಾದಾಗಲೆಲ್ಲ ಮೇಲೆ ಬಂದು, ಯಾರ ಸಹಾಯವೂ ಇಲ್ಲದೆ ಅಷ್ಟನ್ನೇ ಒತ್ತಿ, ಕಡೆಗೆ ಎಂಟರ್ ಎಂಬ ದೊಡ್ಡ ಕೀಲಿ ಒತ್ತಿ, ಸಂತೋಷಪಟ್ಟು ಇಳಿದು ಹೋಗುತ್ತಿದ್ದಳು. ಅವಳಿಗೆ ಬರುತ್ತಿದ್ದ ವಿದ್ಯೆ ಅಷ್ಟೇ.

ಅದೊಂದು ಭಾನುವಾರ ಆಟದ ಮಧ್ಯದಲ್ಲಿ ಕುಮಟಾದಿಂದ ಫೋನು ಬಂತು. ಸಂಪದಾ ಅಳುತ್ತಿದ್ದಳು. ಅವಳ ಬಗ್ಗೆ, ಅವಳ ಅಮ್ಮನ ಬಗ್ಗೆ ಖಾನೆಯಲ್ಲಿ ಹೊಲಸು ಬಂದಿತ್ತು. ಒಂದೆರಡು ಮಾತಲ್ಲ, ಸಾಲು ಸಾಲು. ಓದಿದ ರೇಖಾಳ ಕಿವಿ ಬಿಸಿಯಾಯಿತು. ಪ್ರತಿ ಸಾಲಿನ ಮುಂದೆಯೂ ಒಂದೇ ಹೆಸರಿತ್ತು: ನರೇಶ.

ಮರುದಿನ ಸಂಜೆ ಕೆಫೆಯಲ್ಲೇ ವಿಚಾರಣೆ. ನ್ಯಾಯ ಹೇಳಲು ಒಬ್ಬರು ದೊಡ್ಡವರಿರಲಿ ಎಂದು ರೇಖಾ ಸುದರ್ಶನ ಸರ್ ಅವರನ್ನೂ ಕರೆದಿದ್ದಳು. ಆಡುವ ಹುಡುಗರೆಲ್ಲ ಗೋಡೆಗೆ ಒರಗಿ ನಿಂತಿದ್ದರು.

“ನಾ ಬರೆದದ್ದಲ್ಲ ರೇಖಕ್ಕ,” ಎಂದ ನರೇಶ. “ಆಟದ ಮಧ್ಯ ಅಮ್ಮ ಕೆಳಗಿಂದ ಕರೆದ್ರು, ಸಿಲಿಂಡರ್ ಎತ್ತಿ ಕೊಡೂಕೆ. ನಾ ಎದ್ದು ಹೋಗಿದ್ದೆ. ನನ್ನ ಟೈಮು ಇನ್ನೂ ಇತ್ತು. ನೀವೇ ಯಾರನ್ನೋ ಕೂರ್ಸಿರ್ಬೇಕು.”

ಆ ಕಡೆಯ ಮಾತೊಂದನ್ನು ಅವನು ಆಡಬಾರದಿತ್ತು. ಮಾಡುವುದನ್ನು ಮಾಡಿ ತಪ್ಪನ್ನು ನನ್ನ ತಲೆಗೆ ಕಟ್ಟುತ್ತಾನೆಯೇ ಎಂದು ರೇಖಾಳಿಗೆ ಮೈಯೆಲ್ಲ ಉರಿದುಹೋಯಿತು. ಭಾನುವಾರದ ಗದ್ದಲದಲ್ಲಿ ಯಾರನ್ನು ಎಲ್ಲಿ ಕೂರಿಸಿದ್ದೆ ಎಂದು ಅವಳಿಗೆ ನೆನಪಿರಲಿಲ್ಲ. ನೆನಪಿಲ್ಲ ಎಂದು ಒಪ್ಪಿಕೊಳ್ಳುವ ಬದಲು ಅವಳು ಕೌಂಟರಿನ ಮೇಲಿದ್ದ ಇಡಗುಂಜಿ ಗಣಪತಿಯ ಫೋಟೋ ತೆಗೆದು ಅವನ ಮುಂದಿಟ್ಟಳು.

“ಮುಟ್ಟಿ ಆಣೆ ಹಾಕು. ನಾ ಬರೆದದ್ದಲ್ಲ ಅಂತ ಹೇಳು. ಇಲ್ಲಿಗೇ ಬಿಟ್ಬಿಡ್ವಾ.”

ನರೇಶ ಕೈ ಹಿಂದಕ್ಕೆ ಕಟ್ಟಿಕೊಂಡ. “ಅಪ್ಪ ಬೋಟಲ್ಲಿದ್ದಾಗ ನಮ್ಮನೇಲಿ ಯಾರೂ ಆಣೆ ಹಾಕೂದಿಲ್ಲ ರೇಖಕ್ಕ. ಖರೇದೂ ಹಾಕೂದಿಲ್ಲ, ಸುಳ್ಳೂ ಹಾಕೂದಿಲ್ಲ. ಅದು ಹೋಗಿ ಬೋಟಿನ ಮೇಲೆ ಕೂರ್ತದೆ ಅಂತ ಅಜ್ಜಿ ಹೇಳ್ತಿದ್ದಳು. ಅಪ್ಪ ಬಂದ ದಿನ ಬೇಕಾದ್ರೆ ನಾನೇ ಇಡಗುಂಜಿಗೆ ಬಂದು ಹಾಕ್ತೆ.”

ಗೋಡೆಗೆ ಒರಗಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸುದರ್ಶನ ಸರ್ ಮಾತ್ರ ನಗಲಿಲ್ಲ. “ಪಾಪ, ನಂಬಿಕೆ ಅಂದ್ಮೇಲೆ ಒತ್ತಾಯ ಮಾಡೂದು ಬೇಡ,” ಎಂದರು ಮೆತ್ತಗೆ. “ಆದ್ರೆ ರೇಖಾ, ತಪ್ಪು ಮಾಡದಿದ್ದವ ದೇವರಿಗೆ ಯಾಕೆ ಹೆದರ್ಬೇಕು? ಇವತ್ತು ಬಿಟ್ರೆ ನಾಳೆ ಹೆಣ್ಣುಮಕ್ಳು ಇಲ್ಲಿ ಕೂತ್ಕಳೂದು ಹೇಗೆ? ಶಿಕ್ಷೆ ಕಾಣ್ಬೇಕು. ನಾಕು ಜನರಿಗೆ ಕಾಣ್ಬೇಕು.”

ಹೆಣ್ಣುಮಕ್ಕಳು ಎಂಬ ಮಾತು ಕೇಳಿದ್ದೇ ರೇಖಾ ಗಟ್ಟಿಯಾದಳು. ಎರಡೇ ದಿನದಲ್ಲಿ ಫ್ಲೆಕ್ಸು ಬಂತು. ನರೇಶನ ದೊಡ್ಡ ಫೋಟೋ, ಕೆಳಗೆ ಕೆಂಪು ಅಕ್ಷರದಲ್ಲಿ: ‘ಹೆಣ್ಣುಮಕ್ಕಳಿಗೆ ಅಸಭ್ಯವಾಗಿ ಬರೆದ ಈತನಿಗೆ ಪ್ರವೇಶವಿಲ್ಲ.’ ಒಂದು ಭಟ್ಕಳಕ್ಕೆ ಹೋಯಿತು, ಒಂದು ಕುಮಟಾಕ್ಕೆ. ಹೊನ್ನಾವರದ್ದನ್ನು ಮೆಟ್ಟಿಲ ಬುಡದಲ್ಲಿ, ಮಂಗಲಾಳ ಗಾಡಿಯ ನೆತ್ತಿಯ ಮೇಲೆಯೇ ಕಟ್ಟಿದರು. ಬೇಕೆಂದು ಅಲ್ಲಿ ಕಟ್ಟಿದ್ದಲ್ಲ, ಮೊಳೆ ಹೊಡೆಯಲು ಇದ್ದ ಜಾಗ ಅದೊಂದೇ.

“ಎಂತ ಬರ್ದಾರಾ ಅದ್ರಲ್ಲಿ?” ಎಂದು ಮಂಗಲಾ ಮಗನನ್ನು ಕೇಳಿದಳು.

“ಆಟದಲ್ಲಿ ಗೆದ್ದೆ ಅಂತ,” ಎಂದ ನರೇಶ.

ಅವಳು ನಂಬಿದಳು. ಮಗನ ಮುಖ ಅಷ್ಟು ದೊಡ್ಡದಾಗಿ, ಅಷ್ಟು ಚಂದವಾಗಿ ಬಂದಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಬೆಳಿಗ್ಗೆ ಗಾಡಿಯ ಒಲೆ ಹಚ್ಚುವ ಮೊದಲು ಸೆರಗಿನಿಂದ ಅದರ ಧೂಳು ಒರೆಸುತ್ತಿದ್ದಳು. ಬನ್ಸು ತಿನ್ನಲು ಬಂದವರಿಗೆಲ್ಲ ಕೈಯಲ್ಲಿದ್ದ ಜಾಲರಿ ಸೌಟಿನಲ್ಲೇ ತೋರಿಸಿ, “ನಮ್ಮ ನರೇಶ” ಎನ್ನುತ್ತಿದ್ದಳು. ತಿನ್ನುವವರು ಮೇಲೆ ನೋಡಿ ಓದುತ್ತಿದ್ದರು, ಕೆಳಗೆ ನೋಡಿ ತಿನ್ನುತ್ತಿದ್ದರು. ಯಾರೂ ಹೇಳಲಿಲ್ಲ. ಅದು ಮರುಕ ಎಂದುಕೊಳ್ಳಬೇಡಿ. ಕಣ್ಣೆದುರೇ ನಡೆಯುತ್ತಿರುವ ತಮಾಷೆಯನ್ನು ತಾವಾಗಿ ನಿಲ್ಲಿಸುವಷ್ಟು ಒಳ್ಳೆಯವರು ಪೇಟೆಯಲ್ಲಿ ಸಿಗುವುದಿಲ್ಲ.

ನರೇಶ ಕೆಫೆಗೆ ಬಂದು ರೇಖಾಳ ಮುಂದೆ ನಿಂತ. ಆಟದ ಮಾತೇ ಎತ್ತಲಿಲ್ಲ. “ನಂಗೆ ಇನ್ನು ಯಾವತ್ತೂ ಆಡೂಕೆ ಕೊಡ್ಬೇಡಿ ರೇಖಕ್ಕ. ಬೋರ್ಡು ಒಂದು ತೆಗ್ಸಿ. ಅಮ್ಮಂಗೆ ಯಾರಾದ್ರೂ ಓದಿ ಹೇಳೂದ್ರೊಳಗೆ ತೆಗ್ಸಿ. ಎಂತ ಹೇಳಿದ್ರೂ ಮಾಡ್ತೆ.”

“ಯೋಚ್ನೆ ಮಾಡ್ತೆ,” ಎಂದಳು ರೇಖಾ.

ಮುಂದಿನ ವಾರದ ಗುರುವಾರ ಕೆಫೆ ತುಂಬಿತ್ತು. ಸುದರ್ಶನ ಸರ್ ಬಂದು ಬಾಗಿಲಲ್ಲಿ ನಿಂತರು. ಅಷ್ಟರಲ್ಲಿ ಮೂಲೆಯಲ್ಲಿದ್ದವನು ಎದ್ದು ಹೋದ. ರೇಖಾ ಕೌಂಟರಿನಿಂದ ತಲೆಯೆತ್ತಿ, “ಮೂಲೇದ್ರಲ್ಲಿ ಇನ್ನೂ ಟೈಮು ಅದೆ ಸರ್, ಕೂತ್ಕಳಿ” ಎಂದಳು. ಎಂದವಳ ನಾಲಿಗೆ ಅಲ್ಲೇ ನಿಂತಿತು. ಇದೇ ಮಾತನ್ನು, ಇದೇ ಮನುಷ್ಯನಿಗೆ, ಇದೇ ಮೂಲೆ ತೋರಿಸಿ ಅವಳು ಆ ಭಾನುವಾರ ಹೇಳಿದ್ದಳು. ನರೇಶ ದಡದಡ ಮೆಟ್ಟಿಲು ಇಳಿದದ್ದು, ಸರ್ ‘ಇ-ಮೇಲ್ ನೋಡಿ ಹೋಗ್ತೆ’ ಎಂದು ಕೂತದ್ದು, ಆಮೇಲೆ ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ ಎದ್ದು, “ಆತು ರೇಖಾ, ಬರ್ತೆ” ಎಂದು ನಕ್ಕು ಹೋದದ್ದು, ಎಲ್ಲ ಕಣ್ಣ ಮುಂದೆ ಬಂತು.

ಸುದರ್ಶನ ಸರ್ ಅವಳ ಮುಖವನ್ನೇ ನೋಡುತ್ತಿದ್ದರು. ಅವಳಿಗೆ ಗೊತ್ತಾಯಿತು ಎನ್ನುವುದು ಅವರಿಗೂ ಗೊತ್ತಾಯಿತು. ರೆಪ್ಪೆ ಮಿಟುಕಿಸಲಿಲ್ಲ ಪುಣ್ಯಾತ್ಮ.

“ಇವತ್ತು ಬೇಡ ರೇಖಾ, ಅವಸರ ಅದೆ,” ಎಂದರು. “ಹೇಳೂದು ಮರ್ತಿದ್ದೆ. ಬರೂ ಸೋಮವಾರದಿಂದ ಫಸ್ಟ್ ಇಯರ್ ಹುಡುಗಿಯರನ್ನೂ ನಿಮ್ಮಲ್ಲಿಗೇ ಕಳಸ್ತೆ. ನಾನು ಬೇಡ ಅಂದ್ರೆ ಅವ್ರ ಮನೇಲಿ ಯಾರೂ ಬಿಡೂದಿಲ್ಲ ನೋಡಿ.”

ಅವರು ಸ್ವಲ್ಪ ಹೊತ್ತು ಕಾದು, ಅವಳು ಏನೂ ಹೇಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮುಂದಿನ ಮಾತು ಆಡಿದರು. ನರೇಶನದ್ದೂ ಒಂದು ದಾರಿ ಮಾಡೋಣ. ಬರುವ ಭಾನುವಾರ ಒಂದು ಗಂಟೆ ಅವನು ಆಟದಲ್ಲಿ ಬರಿಗೈಯಲ್ಲಿ ನಿಲ್ಲಲಿ. ಮೂರೂ ಊರಿನವರು ಅವನಿಗೆ ಹೊಡೆಯಲಿ, ಏನು ಬೇಕಾದರೂ ಬರೆಯಲಿ. ಆಮೇಲೆ ದ್ವೇಷ ಉಳಿಯಬಾರದು, ಹಾಗಾಗಿ ನರೇಶನ ಹೆಸರೊಂದು ಬಿಟ್ಟು ಬೇರೆ ಯಾರೂ ಹೆಸರು ಹಾಕಿಕೊಳ್ಳುವುದು ಬೇಡ. ಅವನು ತಿರುಗಿ ಉತ್ತರ ಕೊಡಕೂಡದು. ಅವನ ಮೆಷಿನ್ನಿನಿಂದ ಒಂದಕ್ಷರ ಬಂದರೂ ಬೋರ್ಡು ಹಾಗೇ ಇರಬೇಕು. ಬರದಿದ್ದರೆ ಅವತ್ತೇ ತೆಗೆಸಿಬಿಡೋಣ. “ಬೈಸ್ಕಂಡವ್ರ ಸಂಕಟ ಎಂತದು ಅಂತ ಅವಂಗೂ ತಿಳೀಬೇಕಲ್ಲ,” ಎಂದರು.

ಒಂದು ಗಂಟೆ ತಾನೇ, ಅವನ ಬೋರ್ಡೂ ಇಳಿಯುತ್ತದೆ, ಹುಡುಗಿಯರೂ ಬರುತ್ತಾರೆ, ಯಾರಿಗೂ ನಷ್ಟವಿಲ್ಲ ಎಂದು ರೇಖಾ ತನ್ನ ಮನಸ್ಸಿಗೆ ತಾನೇ ಬೆಣ್ಣೆ ಹಚ್ಚಿಕೊಂಡಳು. ಸತ್ಯ ಗೊತ್ತಿದ್ದವಳು ಆಡಬಹುದಾದ ಒಂದೇ ಒಂದು ಮಾತನ್ನು ನುಂಗಿಕೊಂಡಳು. ಅದು ಸಲೀಸಾಗಿ ಗಂಟಲಿನಿಂದ ಕೆಳಗಿಳಿಯಿತು ಕೂಡ.

ಭಾನುವಾರ ಮೂರೂ ಕೆಫೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ನರೇಶ ಮೂಲೆಯ ಮೆಷಿನ್ನಿನ ಮುಂದೆ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸುದರ್ಶನ ಸರ್ ತಾವೇ ಬಗ್ಗಿ, ಅವನ ಸ್ಕ್ರೀನಿನಲ್ಲಿ ಬರೆಯುವ ಖಾನೆ ತೆರೆದಿಟ್ಟರು. ಅದು ಖಾಲಿಯೇ ಇರುವುದು ಎಲ್ಲರಿಗೂ ಕಾಣಲಿ ಎಂದರು. ಆಮೇಲೆ ತಾವೂ ಒಂದು ಮೆಷಿನ್ನು ಹಿಡಿದು ಕೂತರು.

ಆಟದೊಳಗಿನ ನರೇಶ ಒಂದು ಬಯಲಿನ ನಡುವೆ ನಿಂತಿದ್ದ. ಗುಂಡು ಬಿತ್ತು, ಬಿದ್ದ. ಮತ್ತೆ ಎದ್ದ, ಮತ್ತೆ ಬಿತ್ತು. ಮೊದಮೊದಲು ಹುಡುಗರು ಬರೆದದ್ದು ಸಣ್ಣಪುಟ್ಟ ಕೀಟಲೆ. ಹೆಸರಿಲ್ಲ ಎಂಬ ಧೈರ್ಯ ತಲೆಗೇರಿದ ಹಾಗೆ ಮಾತು ಕೊಳೆಯತೊಡಗಿತು. ಯಾರೋ ಬನ್ಸಿನ ಮಾತು ತೆಗೆದರು, ಇನ್ಯಾರೋ ಬನ್ಸು ಕರಿಯುವವಳ ಮಾತು ತೆಗೆದರು. ಗಂಡ ವಾರಗಟ್ಟಲೆ ಬೋಟಿನಲ್ಲಿರುವ ಹೆಂಗಸಿನ ಬಗ್ಗೆ ಏನೇನು ಬರೆಯಬಹುದೋ ಎಲ್ಲ ಬಂತು. ಅವಳ ಹೆಸರು ಹಿಡಿದೇ ಬಂತು. ಅವಳ ಕೈಯ ಬಿಸಿ ತಿಂಡಿ ತಿಂದು ದೊಡ್ಡವರಾದ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನರೇಶನ ಕಿವಿ ಕೆಂಪಾಗಿ, ಕತ್ತಿನ ನರ ಎದ್ದು ನಿಂತಿತ್ತು. ಕೈ ಮಾತ್ರ ತೊಡೆ ಬಿಟ್ಟು ಏಳಲಿಲ್ಲ.

ಕೌಂಟರಿನ ಫೋನು ಬಡಿದುಕೊಂಡಿತು. ಸಂಪದಾ.

“ರೇಖಕ್ಕ, ನಿಲ್ಸಿ ಇದನ್ನ. ಅವತ್ತು ನಂಗೆ ಬರೆದವನೇ ಈಗ ಬರೀತಾ ಇದ್ದಾನೆ. ಅದೇ ಮಾತು, ಒಂದೂ ಬಿಡದೆ. ನರೇಶ ಕೈ ಕಟ್ಟಿ ಕೂತಿದ್ದಾನಲ್ದಾ? ಹಾಗಾದ್ರೆ ಯಾರಿದು?”

ರೇಖಾ ಎದುರಿಗೆ ನೋಡಿದಳು. ಬಿಳಿ ಅಂಗಿಯ ತೋಳು ಮಡಚಿಕೊಂಡು ಸುದರ್ಶನ ಸರ್ ಒಂದೇ ಸಮನೆ ಟೈಪು ಮಾಡುತ್ತಿದ್ದರು. ಮುಖದಲ್ಲಿ ದೇವಸ್ಥಾನದಲ್ಲಿ ಕೂತವರ ಶಾಂತಿ.

“ಹುಡುಗ್ರು ನೋಡಿ ನಕಲು ಮಾಡ್ತಾರೆ ಸಂಪದಾ,” ಎಂದು ರೇಖಾ ಫೋನಿಟ್ಟಳು.

ಗಂಟೆ ಮುಗಿಯುತ್ತ ಬಂದಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಬನ್ಸು ತುಂಬಿದ ದೊಡ್ಡ ಪಾತ್ರೆ ಸೊಂಟಕ್ಕೆ ಇಟ್ಟುಕೊಂಡು ಮಂಗಲಾ ಏದುಸಿರು ಬಿಡುತ್ತ ಒಳಗೆ ಬಂದಳು.

“ಇಷ್ಟು ಜನ ಇವನ ಆಟ ನೋಡೂಕೆ ಬಂದಾರೆ ಅಂತ ಕೆಳಗೆ ಹೇಳಿದ್ರು ರೇಖಕ್ಕೋರೆ. ಬರಿಗೈಲಿ ಬರೂದು ಹೇಗೆ? ಎಲ್ರಿಗೂ ತಂದೆ.”

ನಗು ಒಮ್ಮೆಗೇ ನಿಂತಿತು. ಅವಳು ಪಾತ್ರೆ ಇಳಿಸಿ ಮಗನ ಬೆನ್ನ ಹಿಂದೆ ಬಂದಳು, ಸ್ಕ್ರೀನು ನೋಡಿದಳು. ಮುಖ ಅರಳಿತು.

“ಅಯ್ಯೋ, ಇದು ನನ್ನ ಹೆಸರಲ್ದಾ? ಇಲ್ನೋಡು, ಇಲ್ಲೂ ಅದೆ. ಮೇಲೂ ಅದೆ. ಎಷ್ಟು ಸಲ ಬರ್ದಾರಾ ನರೇಶ! ಎಂತ ಬರ್ದದ್ದು ಇದು?”

ನರೇಶ ರೇಖಾಳ ಕಡೆ ತಿರುಗಿದ. ಆ ನೋಟವನ್ನು ಎದುರಿಸಲಾರದೆ ಅವಳು ಕೌಂಟರಿನ ಮೇಲಿನ ಗಣಪತಿಯ ಫೋಟೋವನ್ನು ಸುಮ್ಮನೆ ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

“ಸರ್, ನೀವಾದ್ರೂ ಓದಿ ಹೇಳಿ. ಇವ ಮಾತೇ ಆಡೂದಿಲ್ಲ,” ಎಂದಳು ಮಂಗಲಾ.

ಸುದರ್ಶನ ಸರ್ ಎದ್ದು ಬಂದರು, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ಮಂಗಲಕ್ಕನ ಬನ್ಸಿನಂಥ ಬನ್ಸು ಮೂರೂ ಊರಲ್ಲಿ ಇಲ್ಲ ಅಂತ ಬರ್ದಾರೆ.”

“ಹೌದಾ? ಭಟ್ಕಳದವ್ರೂ ಬರ್ದಾರಾ?”

“ಎಲ್ರೂ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾತ್ರೆಯ ಮುಚ್ಚಳ ತೆಗೆದು ಮೊದಲ ಬನ್ಸನ್ನು ಸರ್ ಕೈಗೇ ಕೊಟ್ಟಳು. ಅವರು ತಿಂದರು. ಅಮ್ಮನಿಗೆ ನಿಜ ಗೊತ್ತಾಗದಂತೆ ಆ ಸುಳ್ಳು ಹೇಳಿದ್ದಕ್ಕೆ ನರೇಶ ಅದೇ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿಯಬೇಕಾಯಿತು. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಧೀಶನೂ ಕೊಟ್ಟಿರಲಾರ.

“ನಾನೂ ಒಂದು ಬರೀತೆ, ತಡೀರಿ,” ಎಂದಳು ಮಂಗಲಾ. “ಇಷ್ಟೆಲ್ಲ ಹೇಳಿದವ್ರಿಗೆ ನಾ ಇಲ್ಲೇ ಇದ್ದೆ ಅಂತ ಗೊತ್ತಾಗ್ಲಿ.”

ಖಾಲಿ ಖಾನೆ ತೆರೆದೇ ಇತ್ತು. ಅವಳು ಮಗನ ಭುಜದ ಮೇಲಿಂದ ಬಗ್ಗಿ, ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಂಡು, ತೋರುಬೆರಳು ಚಾಚಿದಳು. ನರೇಶ ಆ ಕೈ ಹಿಡಿಯಬಹುದಿತ್ತು. ಹಿಡಿದರೆ ಯಾಕೆ ಎಂದು ಹೇಳಬೇಕಿತ್ತು. ಅವನ ಕೈ ತೊಡೆಯ ಮೇಲೆ ಮುಷ್ಟಿಯಾಯಿತು, ಅಷ್ಟೇ. ಅವಳು ಮಗ ಕಲಿಸಿದ ಹಾಗೆಯೇ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಒಂದೂ ತಪ್ಪಲಿಲ್ಲ. “ಕಡೆಗೆ ದೊಡ್ಡ ಕೀಲಿ ಅಲ್ದಾ?” ಎಂದು ತನ್ನಷ್ಟಕ್ಕೇ ಹೇಳಿಕೊಂಡು ಅದನ್ನೂ ಒತ್ತಿದಳು.

ಮೂರೂ ಊರಿನ ಸ್ಕ್ರೀನುಗಳಲ್ಲಿ, ಅಷ್ಟು ಹೊಲಸಿನ ಕೆಳಗೆ, ನರೇಶ ಎಂಬ ಹೆಸರಿನ ಮುಂದೆ, ಅವಳ ಹೆಸರೊಂದೇ ಹೊಸ ಸಾಲಾಗಿ ಬಂದು ಕೂತಿತು.

ಫೋನು ತಕ್ಷಣ ಬಡಿಯಿತು. ಭಟ್ಕಳದ ಹುಡುಗರ ಕೂಗು ರೇಖಾಳ ಕಿವಿಯಿಂದಾಚೆಗೂ ಕೇಳಿತು: “ನರೇಶನ ಮೆಷಿನ್ನಿಂದ ಬಂತು! ಉತ್ತರ ಕೊಟ್ಟ! ಆಗೂದಿಲ್ಲ, ಆಗೂದಿಲ್ಲ!”

ಕೆಫೆಯಲ್ಲಿದ್ದವರೆಲ್ಲ ರೇಖಾಳನ್ನೇ ನೋಡಿದರು. ಬರೆದದ್ದು ಅವನಲ್ಲ ಎಂದು ಇಡೀ ಕೋಣೆ ಕಣ್ಣಾರೆ ಕಂಡಿತ್ತು. ಮೆಷಿನ್ನು ಅವನದಾದ ಮಾತ್ರಕ್ಕೆ ಬರೆದವನು ಅವನಾಗುವುದಿಲ್ಲ ಎಂದು ಅವಳು ಹೇಳಬಹುದಿತ್ತು. ಆದರೆ ಇವತ್ತು ಹಾಗೆ ಹೇಳಿದರೆ ಆ ಭಾನುವಾರದ್ದಕ್ಕೂ ಅದೇ ಮಾತು ಹೇಳಬೇಕಾಗುತ್ತಿತ್ತು.

ಸುದರ್ಶನ ಸರ್ ಬೆರಳಿನ ಎಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತ ಕೌಂಟರಿನ ಹತ್ತಿರ ಬಂದು ದನಿ ತಗ್ಗಿಸಿದರು. “ನಂಗೂ ಬೇಜಾರೇ ರೇಖಾ. ಆದ್ರೆ ನಿಯಮ ಅಂದ್ಮೇಲೆ ಎಲ್ರಿಗೂ ಒಂದೇ. ನಾಳೆ ಹುಡುಗಿಯರು ಬರ್ತಾರೆ.”

“ಆತು,” ಎಂದಳು ರೇಖಾ. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. “ಬೋರ್ಡು ಹಾಗೇ ಇರ್ಲಿ.”

ಅದು ಮಂಗಲಾಳ ಕಿವಿಗೂ ಬಿತ್ತು. ಹುಡುಗರಿಗೆ ಬನ್ಸು ಹಂಚುತ್ತಿದ್ದವಳು ಪಾತ್ರೆ ಬಿಟ್ಟು ಓಡಿ ಬಂದು ರೇಖಾಳ ಎರಡೂ ಕೈ ಹಿಡಿದುಕೊಂಡಳು.

“ಪುಣ್ಯ ಬರ್ಲಿ ರೇಖಕ್ಕೋರೆ. ಇವತ್ತು ತೆಗೀತಾರೆ ಅಂತ ಇವ ಬೆಳಿಗ್ಗಿಂದ ಹೇಳ್ತಿದ್ದ. ನಂಗೆ ಸಂಕಟ ಆಗಿತ್ತು. ಇವನ ಅಪ್ಪ ಬರೂ ತನಕ ಇರ್ಲಿ, ಅವ್ರೂ ಒಂದ್ಸಲ ನೋಡ್ಲಿ.”

ಅವಳ ಕೈಯ ಎಣ್ಣೆ ರೇಖಾಳ ಕೈಗೆಲ್ಲ ಅಂಟಿತು. ನರೇಶ ಎದ್ದು ಪಾತ್ರೆ ಎತ್ತಿಕೊಂಡು, ಯಾರನ್ನೂ ನೋಡದೆ, ಅಮ್ಮನ ಹಿಂದೆ ಮೆಟ್ಟಿಲಿಳಿದ. ಸ್ವಲ್ಪ ಹೊತ್ತಿಗೆ ರೇಖಾ ಕಿಟಕಿಯಿಂದ ಕೆಳಗೆ ಬಗ್ಗಿದಳು. ಮಂಗಲಾ ಸ್ಟೂಲಿನ ಮೇಲೆ ಹತ್ತಿ ಫ್ಲೆಕ್ಸನ್ನು ಸೆರಗಿನಿಂದ ಒರೆಸುತ್ತಿದ್ದಳು. ಅವಳು ಬೀಳದಂತೆ ನರೇಶ ಸ್ಟೂಲು ಹಿಡಿದುಕೊಂಡು ನಿಂತಿದ್ದ.